ನಾನಿಲ್ಲದೆ ನಡೆಯದ ಸಭೆ

ನಾನು ಸಂಸದನಾಗಿದ್ದಾಗ ದಿಲ್ಲಿಯಲ್ಲಿ ನಮ್ಮ ಸ್ಥಾಯಿ ಸಮಿತಿಯ ಬಾಗಿಲು ಕಾಯುತ್ತಿದ್ದವರು ನಮ್ಮ ಮಾಗಡಿ ಕಡೆಯ ಕುದೂರಿನವರೇ ಒಬ್ಬರು. ಒಳಗೆ ಕೂತವರನ್ನು ಗದ್ದ ಆಡಿಸುತ್ತ ಎಣಿಸುವುದು ಅವರ ಅಭ್ಯಾಸ. ಸಭೆಯಿದ್ದ ದಿನ ಬೆಳಿಗ್ಗೆಯೇ ಫೋನು ಮಾಡುತ್ತಿದ್ದರು: "ನೀವಿಲ್ದೆ ಸಭೆ ನಡ್ಯಾಕಿಲ್ಲ, ಬಂದ್ಬುಡಿ ಸಾ." ಈ ಮಾತನ್ನು ನಾನು ಮಾಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಒಮ್ಮೆ ಸಭೆಯ ನಡುವೆ ಜಲಬಾಧೆ ತಾಳಲಾರದೆ ಎದ್ದೆ. ಅವರು ಬಾಗಿಲಿಗೆ ಅಡ್ಡ ನಿಂತು ಪಿಸುಗುಟ್ಟಿದರು: "ಒಸಿ ತಡ್ಕಳಿ ಸಾ. ನೀವೆದ್ರೆ ತಲೆ ಕಮ್ಮಿಯಾಗಿ ಕೋರಂ ಹೋಯ್ತದೆ, ಸಭೆ ನಿಂತೋಯ್ತದೆ."

ದೇಶಕ್ಕಾಗಿ ತಡೆದುಕೊಂಡು ಕೂತೆ. ಅಷ್ಟರಲ್ಲಿ ಇನ್ನೊಬ್ಬ ಸದಸ್ಯರು ಆಕಳಿಸುತ್ತ ಒಳಬಂದರು. ಬಾಗಿಲು ಕಾಯುತ್ತಿದ್ದವರ ಗದ್ದ ಒಮ್ಮೆ ಆಡಿತು. ನಗುತ್ತ ನನಗಾಗಿ ಬಾಗಿಲು ತೆರೆದು ಹಿಡಿದರು.

"ಈಗ ಹೋಗಿ ಸಾ. ನೀವು ಬರ್ದಿದ್ರೂ ನಡೀತದೆ."