ಅಕ್ಕ ಎರಡು ಸಲ ಆಡಿದ ಫೈನಲ್

ನಾನು ಚಿಕ್ಕವಳಿದ್ದಾಗ, ಎರಡು ಸಾವಿರದ ಹದಿನಾರರ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಅಕ್ಕನ ತಲೆ ಗೋಲಿನ ಕಂಬಕ್ಕೆ ಬಡಿಯಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಆಟ ಮುಗಿಯುವವರೆಗೆ ಅಕ್ಕನ ವಾಚನ್ನು ಕಾಯುವುದು ನನ್ನ ಕೆಲಸವಾಗಿತ್ತು. ಆ ಕ್ಷಣ ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಟಂಗ್ ಎಂಬ ಸದ್ದಿಗೆ ತಲೆಯೆತ್ತಿದೆ.

ಮೊಮ್ಮಕ್ಕಳೇ, ನೀವು ದೊಡ್ಡಜ್ಜಿ ಎಂದು ಕರೆಯುವುದು ಈ ಅಕ್ಕನನ್ನೇ. ಮಾತಿನ ನಡುವೆ ಒಂದು ಪದಕ್ಕಾಗಿ ಕಾಯುತ್ತಾ ನಿಂತುಬಿಡುತ್ತಾಳಲ್ಲ, ಎಡಗೈಯಲ್ಲಿ ಲೋಟ ಹಿಡಿಯಲು ಹಿಂಜರಿಯುತ್ತಾಳಲ್ಲ, ಅವಳೇ. ಹೋದ ವಾರ ಊಟಕ್ಕೆ ಕೂತಾಗ ಅವಳು ಉಪ್ಪು ಕೇಳುವ ಮೊದಲೇ ನೀವು ಮೂವರೂ ಸೇರಿ ಸಾರು, ಮೊಸರು, ಚಮಚ ಎಂದು ಊಹಿಸುವ ಆಟ ಆಡಿ ನಕ್ಕಿರಿ. ಅವಳೂ ನಕ್ಕಳು. ನನಗೆ ಮಾತ್ರ ನಗಲಾಗಲಿಲ್ಲ. ಅವಳು ಹದಿನಾಲ್ಕು ವರ್ಷದವಳಾಗಿದ್ದಾಗ ಹೇಗಿದ್ದಳೆಂದು ನಿಮಗೆ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆಗ ನಾವು ಆಸ್ಟ್ರೇಲಿಯಾದ ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿದ್ದೆವು. ಅಪ್ಪನಿಗೆ ಪರ್ತ್ ಕಡೆ ಗಣಿ ಕಂಪನಿಯೊಂದರಲ್ಲಿ ಎಂಜಿನಿಯರ್ ಕೆಲಸ. ಎರಡು ವಾರ ಅಲ್ಲಿದ್ದರೆ ಒಂದು ವಾರ ಮನೆಯಲ್ಲಿ. ಅಮ್ಮ ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ನನಗೆ ಒಂಬತ್ತು ವರ್ಷ. ಅಕ್ಕ ಕಿಲ್ಬರ್ನ್‌ನ ಒಂದು ಹಳೆಯ ಕ್ಲಬ್ಬಿನ ಹುಡುಗಿಯರ ತಂಡದಲ್ಲಿ ಗೋಲ್‌ಕೀಪರ್. ಎರಡನೆಯ ಮಹಾಯುದ್ಧದ ನಂತರ ಯುರೋಪಿನಿಂದ ಹಡಗಿನಲ್ಲಿ ಬಂದು ಅಲ್ಲಿಯ ಫ್ಯಾಕ್ಟರಿಗಳನ್ನು ಸೇರಿದವರು ಕಟ್ಟಿದ ಕ್ಲಬ್ ಅದು. ತಗಡಿನ ಶೆಡ್ಡು, ಗೋಡೆಯ ತುಂಬ ಕಪ್ಪು-ಬಿಳುಪು ಫೋಟೋಗಳು, ಯಾವಾಗಲೂ ಕಾಫಿಯ ಮತ್ತು ಒದ್ದೆ ಬೂಟಿನ ವಾಸನೆ. ಅಕ್ಕ ಹೇಗೆ ಹಾರುತ್ತಿದ್ದಳೆಂದರೆ, ಚೆಂಡು ಒದೆಯುವವಳ ಕಾಲು ನೆಲ ಬಿಡುವ ಮೊದಲೇ ಇವಳು ಗಾಳಿಯಲ್ಲಿರುತ್ತಿದ್ದಳು. ಮಾತೂ ಹಾಗೆಯೇ. ಅವಳ ಜೊತೆ ಜಗಳವಾಡಿ ನಾನು ಒಮ್ಮೆಯೂ ಗೆದ್ದಿರಲಿಲ್ಲ.

ಆ ದಿನ ಫೈನಲ್. ಅಮ್ಮ ಡ್ಯೂಟಿಯಲ್ಲಿ, ಅಪ್ಪ ಪರ್ತ್ ಕಡೆ ಗಣಿಯಲ್ಲಿ. ಕಂಬಕ್ಕೆ ಬಡಿದವಳು ತಕ್ಷಣ ಎದ್ದು ನಿಂತಳು, ಕೈಗವಸು ಸರಿಮಾಡಿಕೊಂಡಳು, ಹೆಬ್ಬೆರಳು ಎತ್ತಿ ಕೋಚ್‌ಗೆ ತೋರಿಸಿದಳು. ನಾನು ಗೋಲಿನ ಹಿಂದೆ ಹುಲ್ಲಿನ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಕೇಳಿದಳು.

"ಪುಟ್ಟೀ, ಸ್ಕೋರ್ ಎಷ್ಟೇ?"

"ಒನ್ ಆಲ್."

ಐದು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದಳು. ಮೂರನೆಯ ಸಲ ಕೇಳಿದಾಗ ನನಗೆ ರೇಗಿತು. "ಎಷ್ಟ್ ಸಲ ಹೇಳ್ಬೇಕು ಅಕ್ಕ? ಒನ್ ಆಲ್! ಕಿವಿ ಕೇಳ್ಸಲ್ವಾ?" ಎಂದು ಕೂಗಿದೆ. ಅಕ್ಕಪಕ್ಕದವರು ನಕ್ಕರು. ಆ ನಗುವಿಗೆ ನನಗೆ ಹೆಮ್ಮೆಯಾಯಿತು.

ಹೆಚ್ಚುವರಿ ಸಮಯ ಮುಗಿದರೂ ಒಂದಕ್ಕೊಂದೇ. ಬೇರೆ ಎಲ್ಲ ಕಡೆ ಆಗಲೇ ಪೆನಾಲ್ಟಿ ಒದೆದು ತೀರ್ಮಾನ ಮಾಡುತ್ತಿದ್ದರು. ಈ ಕಪ್ಪಿಗೆ ಮಾತ್ರ ಹಳಬರ ನಿಯಮ: ಫೈನಲ್ ಸಮನಾದರೆ ಮುಂದಿನ ಶನಿವಾರ ಮತ್ತೆ ಆಡಬೇಕು. ಕ್ಲಬ್ ಕಟ್ಟಿದವರಲ್ಲಿ ಉಳಿದಿದ್ದ ಒಬ್ಬರೇ ಒಬ್ಬ ಅಜ್ಜ ಕೋಲೂರಿಕೊಂಡು ಬಂದು ಹುಡುಗಿಯರನ್ನೆಲ್ಲ ಸುತ್ತ ಕೂರಿಸಿಕೊಂಡರು. ಅವರ ಊರಿನ ತಂಡ ಒಂದು ಸಲ ಯುರೋಪಿನ ದೊಡ್ಡ ಕಪ್ಪಿನ ಫೈನಲ್ ತಲುಪಿತ್ತಂತೆ. ಅದೂ ಸಮನಾಗಿ ಎರಡು ದಿನ ಬಿಟ್ಟು ಮತ್ತೆ ಆಡಿದರಂತೆ. ಆ ಎರಡು ದಿನ ಅವರ ಬೀದಿಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲವಂತೆ. "ಎರಡನೇ ಆಟದಲ್ಲಿ ಸೋತುಬಿಟ್ವಿ. ಆದ್ರೆ ಆ ಎರಡು ದಿನ ಇತ್ತಲ್ಲ, ಆಗ ಯಾರೂ ಸೋತಿರ್ಲಿಲ್ಲ" ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅಕ್ಕ ತಟ್ಟಲಿಲ್ಲ. ಎದ್ದು ಶೆಡ್ಡಿನ ಹಿಂದೆ ಹೋದಳು.

ನಾನು ಹಿಂದೆಯೇ ಹೋದೆ. ಅವಳು ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು. ಆಚೆ ಕಡೆಯಿಂದ ಸಾಸೇಜ್ ಸುಡುವ ಹೊಗೆ ಬರುತ್ತಿತ್ತು.

"ಯಾರಿಗೂ ಹೇಳ್ಬೇಡ" ಎಂದಳು, ಬಾಯಿ ಒರೆಸಿಕೊಳ್ಳುತ್ತಾ. "ತಲೆಗೆ ಇಷ್ಟು ಜೋರಾಗಿ ಏಟು ಬಿದ್ದಿದೆ ಅಂತ ಕೋಚ್‌ಗೆ ಗೊತ್ತಾದ್ರೆ ಎರಡು ವಾರ ಆಡ್ಸಲ್ಲ. ನೆಕ್ಸ್ಟ್ ಸ್ಯಾಟರ್ಡೇ ಅಪ್ಪ ಇಲ್ಲಿರ್ತಾರೆ ಕಣೇ. ಒಂದ್ ಫೈನಲ್ ಆದ್ರೂ ನೋಡ್ಲಿ."

"ಅಮ್ಮಂಗೂ ಹೇಳ್ಬಾರ್ದಾ?"

"ಅಮ್ಮಂಗಂತೂ ಹೇಳ್ಲೇಬಾರ್ದು, ಪೆದ್ದಿ. ನರ್ಸ್ ಅಲ್ವಾ! ಮದರ್ ಪ್ರಾಮಿಸ್ ಮಾಡು."

ನಾನು ಅವಳ ಅಂಗೈ ಮೇಲೆ ಕೈಯಿಟ್ಟು ಮದರ್ ಪ್ರಾಮಿಸ್ ಮಾಡಿದೆ. ಅದನ್ನು ಮುರಿದರೆ ಅಮ್ಮ ಸತ್ತುಹೋಗುತ್ತಾಳೆಂದು ನನಗೆ ಗೊತ್ತಿತ್ತು. ಯಾರು ಹೇಳಿಕೊಟ್ಟರೋ ನೆನಪಿಲ್ಲ. ಮೈಸೂರಿನಿಂದ ತಂದ ಸಾಮಾನುಗಳ ಜೊತೆ ಅದೂ ಬಂದಿರಬೇಕು. ನಿಮಗೆ ಇದು ತಮಾಷೆ ಎನಿಸಬಹುದು. ನನಗಾಗ ಅದು ಗುಡುಗು ಮಿಂಚಿನಷ್ಟೇ ನಿಜ.

ಮರುದಿನ ಭಾನುವಾರ. ಭಾನುವಾರ ನಮ್ಮ ಮನೆಯಲ್ಲಿ ಎಣ್ಣೆಸ್ನಾನ. ಅಮ್ಮ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬಿಸಿಮಾಡಿಕೊಂಡು ಬಂದು ಕುರ್ಚಿ ಎಳೆದಳು. ಅಕ್ಕ ಹಿಂದೆ ಸರಿದಳು. "ನೀನು ಬೇಡಮ್ಮಾ, ಇವತ್ತು ಪುಟ್ಟಿ ಹಚ್ಚಲಿ."

"ಅಬ್ಬಾ, ಏನೇ ಇದು? ತಂಗಿ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿಬಿಡ್ತು?" ಎಂದು ಅಮ್ಮ ನಕ್ಕು, ಬಟ್ಟಲನ್ನು ನನ್ನ ಕೈಗಿತ್ತು ಒಳಗೆ ಹೋದಳು.

ಅಕ್ಕನ ಕೂದಲು ದಟ್ಟವಾಗಿತ್ತು. ಎಣ್ಣೆ ಸುರಿದು ಬೆರಳಾಡಿಸಿದೆ. ಬಲಗಿವಿಯ ಹಿಂದೆ ಅರ್ಧ ನಿಂಬೆಹಣ್ಣಿನಷ್ಟು ದಪ್ಪದ ಬುಗುಟು ಕೈಗೆ ಸಿಕ್ಕಿತು. ಮೆತ್ತಗಿತ್ತು, ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿತ್ತು. ನಾನು ಮುಟ್ಟಿದ ತಕ್ಷಣ ಅಕ್ಕ ನನ್ನ ಮಂಡಿಯನ್ನು ಹಿಂಡಿ ಹಿಡಿದಳು, ಆದರೆ ಸದ್ದು ಮಾಡಲಿಲ್ಲ. ಅಮ್ಮ ಅಡುಗೆಮನೆಯಿಂದ ಕೂಗಿ ಕೇಳಿದಳು, "ಬುಡಕ್ಕೆಲ್ಲ ಚೆನ್ನಾಗಿ ತಿಕ್ಕಿದ್ಯಾ?" ನಾನು "ಹೂಂ ಅಮ್ಮಾ" ಎಂದೆ.

ಆ ವಾರ ಅಕ್ಕ ಮನೆಯೊಳಗೂ ಟೋಪಿ ಹಾಕಿಕೊಂಡಿದ್ದಳು. ಬೆಳಕು ಚುಚ್ಚುತ್ತದೆ ಎಂದಳು. ಪರೀಕ್ಷೆ ಹತ್ತಿರ ಬಂತಲ್ಲ, ಓದಿ ಓದಿ ತಲೆನೋವು ಎಂದು ಅಮ್ಮನಿಗೆ ಹೇಳಿದಳು. ಬುಧವಾರ ಅಪ್ಪ ಫೋನ್ ಮಾಡಿ, "ಶನಿವಾರ ಏರ್‌ಪೋರ್ಟಿಂದ ನೇರ ಗ್ರೌಂಡಿಗೆ ಬಂದ್ಬಿಡ್ತೀನಿ ಕಣೋ. ಬಾಲ್ ಬಿಟ್ಯೋ, ವಾಪಸ್ ಪರ್ತ್‌ಗೆ ಹೋಗ್ಬಿಡ್ತೀನಿ ನೋಡು" ಎಂದು ತಮಾಷೆ ಮಾಡಿದರು. ಅಕ್ಕನ ಮುಖ ಅರಳಿತು. ನಾನು ಪ್ರತಿ ರಾತ್ರಿ ಮನಸ್ಸಿನಲ್ಲೇ ಅಮ್ಮನನ್ನು ಒಂದು ಕಡೆ, ಅಕ್ಕನನ್ನು ಒಂದು ಕಡೆ ಇಟ್ಟು ನೋಡುತ್ತಿದ್ದೆ. ಬುಗುಟು ಇಳಿಯುತ್ತಾ ಬಂದಿತ್ತು. ಎಲ್ಲ ಸರಿಹೋಯಿತು ಎಂದುಕೊಂಡೆ.

ಎರಡನೆಯ ಫೈನಲ್ಲಿನ ದಿನ ಜೋರು ಗಾಳಿ. ಅಪ್ಪ ಕಿತ್ತಳೆ ಬಣ್ಣದ ಕೆಲಸದ ಜಾಕೆಟ್ಟಿನಲ್ಲೇ ಬಂದು ನನ್ನ ಪಕ್ಕ ಗೋಲಿನ ಹಿಂದೆ ನಿಂತರು. ಅವರ ಬೂಟಿನಲ್ಲಿ ಇನ್ನೂ ಕೆಂಪು ಧೂಳಿತ್ತು. ಯಾರೂ ಗೋಲು ಹೊಡೆದಿರಲಿಲ್ಲ. ಆಟ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಎದುರಿನವರಿಗೆ ಕಾರ್ನರ್ ಸಿಕ್ಕಿತು. ಚೆಂಡು ಮೇಲೆದ್ದು ಬಂತು. ಅಕ್ಕ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಅದನ್ನು ಎದೆಗವಚಿಕೊಂಡಳು. ಇಳಿಯುವಾಗ ಯಾರದೋ ಮೊಣಕೈ ಅವಳ ತಲೆಗೆ ತಾಗಿತು. ದೊಡ್ಡ ಏಟಲ್ಲ. ಬಾಗಿಲು ದಾಟುವಾಗ ತಾಗಿದ ಹಾಗೆ, ಅಷ್ಟೇ.

"ಶಭಾಶ್ ಮಗಳೇ!" ಎಂದು ಅಪ್ಪ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅಕ್ಕ ಚೆಂಡು ಹಿಡಿದುಕೊಂಡೇ ಎರಡು ಹೆಜ್ಜೆ ನಡೆದಳು, ದಣಿದವರು ಕೂರುವ ಹಾಗೆ ಮೆಲ್ಲಗೆ ಕೂತಳು, ಆಮೇಲೆ ಪಕ್ಕಕ್ಕೆ ವಾಲಿದಳು. ಅಪ್ಪನ ಚಪ್ಪಾಳೆ ಎಲ್ಲರದಕ್ಕಿಂತ ಕೊನೆಗೆ ನಿಂತಿತು. ಅದೊಂದು ಸದ್ದನ್ನು ನಾನು ಎಷ್ಟು ಸಾವಿರ ಸಲ ಮತ್ತೆ ಕೇಳಿಸಿಕೊಂಡಿದ್ದೇನೋ.

ಮಕ್ಕಳ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಡಾಕ್ಟರು ಓಡುತ್ತಲೇ ಬಂದು ಕೇಳಿದರು: ಇತ್ತೀಚೆಗೆ ಇವಳ ತಲೆಗೆ ಬೇರೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತಾ? ಡ್ಯೂಟಿಯಿಂದ ನೇರ ಬಂದಿದ್ದ ಅಮ್ಮ "ಇಲ್ಲ" ಎಂದಳು. ಅಪ್ಪನೂ ಇಲ್ಲ ಎಂದರು. ನಾನು ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಬಿದ್ದಿತ್ತು, ಹೋದ ಶನಿವಾರ" ಎಂದೆ. ಮೂರು ಸಲ ಸ್ಕೋರ್ ಕೇಳಿದ್ದು, ವಾಂತಿ, ಬುಗುಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಾ ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಅದು ಬಿಳಿಚಿಕೊಂಡಿತು. ನನ್ನ ಕೈಯೊಳಗಿದ್ದ ಅವಳ ಕೈ ತಣ್ಣಗಾಯಿತು. ಶುರುವಾಯಿತು, ಅಮ್ಮ ಈಗ ಸಾಯುತ್ತಾಳೆ ಎಂದುಕೊಂಡೆ.

ಅಮ್ಮ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಪರೇಷನ್ ಮುಗಿಯುವವರೆಗೆ ಗೋಡೆಗೊರಗಿ, "ಭಾನುವಾರ ನಾನೇ ಎಣ್ಣೆ ಹಚ್ಬೇಕಿತ್ತು, ನಾನೇ ಹಚ್ಬೇಕಿತ್ತು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅಕ್ಕ ಉಳಿದಳು. ಆರನೆಯ ದಿನ ಕಣ್ಣು ಬಿಟ್ಟಳು. ಮಾತು ಬರಲು ಇನ್ನೂ ಬಹಳ ದಿನ ಬೇಕಾಯಿತು. ಮೊದಲು ಕೇಳಿದ್ದು, "ನಾವು... ಗೆದ್ವಾ?" ಎಂದು. ಅಪ್ಪ ಅವಳ ಪಾದ ಹಿಡಿದುಕೊಂಡು, "ಬಾಲ್ ಹಿಡ್ದೆ ಕಣೋ ನೀನು. ಬಿಡ್ಲೇ ಇಲ್ಲ" ಎಂದರು. ಅವಳಿಗೆ ಚೆಂಡು ನೆನಪಿರಲಿಲ್ಲ. ಮೊದಲ ಫೈನಲ್ಲೂ ನೆನಪಿರಲಿಲ್ಲ. ಆ ಇಡೀ ವಾರವೇ ಅಳಿಸಿಹೋಗಿತ್ತು. ಆಟ ಅಲ್ಲಿಗೇ ನಿಂತಿತ್ತು, ಎರಡು ಕ್ಲಬ್ಬಿನವರೂ ಆ ವರ್ಷದ ಕಪ್ಪು ತಮಗೆ ಬೇಡವೆಂದರು. ಮುಂದಿನ ವರ್ಷದಿಂದ ಅಲ್ಲಿಯೂ ಪೆನಾಲ್ಟಿ ಬಂತು. ಆ ಅಜ್ಜ ಮತ್ತೆ ಗ್ರೌಂಡಿಗೆ ಬಂದದ್ದನ್ನು ನಾನು ನೋಡಲಿಲ್ಲ.

ಶೆಡ್ಡಿನ ಹಿಂದೆ ಮಾಡಿದ ಪ್ರಾಮಿಸ್ ಜಗತ್ತಿನಲ್ಲಿ ನನಗೊಬ್ಬಳಿಗೇ ನೆನಪಿತ್ತು. ಮಾಡಿಸಿಕೊಂಡವಳಿಗೂ ಇಲ್ಲ. ಅಕ್ಕ ಮನೆಗೆ ಬಂದ ಮೇಲೆ ನಾನು ಪ್ರತಿ ರಾತ್ರಿ ಏಳುತ್ತಿದ್ದೆ. ಮೊದಲು ಅಕ್ಕನ ಮೂಗಿನ ಹತ್ತಿರ ಕೈಯಿಟ್ಟು ನೋಡುತ್ತಿದ್ದೆ, ಆಮೇಲೆ ಅಮ್ಮನ ಕೋಣೆಗೆ ಹೋಗುತ್ತಿದ್ದೆ. ಮುರಿದ ಪ್ರಾಮಿಸ್ ಅಮ್ಮನನ್ನು ಯಾವಾಗ ಹುಡುಕಿಕೊಂಡು ಬರುತ್ತದೋ ಎಂಬ ಭಯ. ಹೀಗೆ ನಾಲ್ಕು ತಿಂಗಳು.

ನಿಮ್ಮ ಮ್ಯಾಚಿಗೆ ಬಂದಾಗಲೆಲ್ಲ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ನೀವು ಹಣೆಗೆ ಕಟ್ಟಿಕೊಳ್ಳುವ ಪಟ್ಟಿ ಏಟು ಬಿದ್ದ ಕ್ಷಣವೇ ಕೆಂಪಾಗುತ್ತದೆ, ರೆಫರಿ ಸೀಟಿ ಊದುತ್ತಾರೆ, ನೀವು ಗೊಣಗುತ್ತಾ ಹೊರಗೆ ಬಂದು ಕೂರುತ್ತೀರಿ. ಯಾರೂ ಯಾರ ಗುಟ್ಟನ್ನೂ ಹೊರಬೇಕಾಗಿಲ್ಲ. ನಮ್ಮ ಕಾಲದಲ್ಲಿ ಆ ಪಟ್ಟಿಯ ಕೆಲಸ ಪಕ್ಕದಲ್ಲಿದ್ದವರದು. ನಾನು ಪಕ್ಕದಲ್ಲಿದ್ದೆ, ಕೆಂಪಾಗಲಿಲ್ಲ. ಮೊನ್ನೆ ನಿಮ್ಮಲ್ಲೊಬ್ಬಳು ಆ ಪಟ್ಟಿಯನ್ನು ಬ್ಯಾಗಿನಲ್ಲಿ ಬಚ್ಚಿಟ್ಟು ಆಡಲು ಹೊರಟಾಗ ನಾನು ಎಲ್ಲರೆದುರು ಕಿರುಚಾಡಿದೆನಲ್ಲ, ಅಜ್ಜಿಗೆ ಯಾಕಿಷ್ಟು ಕೋಪ ಎಂದು ಕೇಳಿದಿರಲ್ಲ, ಅದಕ್ಕೆ ಉತ್ತರ ಇದೇ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾನು ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಎಡಗೈಯಿಂದ ಬಟ್ಟೆ ಕ್ಲಿಪ್ ಒತ್ತುವ ಅಭ್ಯಾಸ ಮಾಡುತ್ತಿದ್ದಳು. ಪ್ರಾಮಿಸ್ ಮುರಿದದ್ದರಿಂದ ಅಮ್ಮ ಸತ್ತುಹೋಗುತ್ತಾಳೆ ಎಂದು ಅಳುತ್ತಾ ಹೇಳಿದೆ.

ಅಕ್ಕ ಬಹಳ ಹೊತ್ತು ಪದ ಹುಡುಕಿದಳು. "ಅಮ್ಮ... ಈಗ... ಎಲ್ಲಿ?"

"ಡ್ಯೂಟಿಗೆ ಹೋಗಿದಾಳೆ."

"ಮತ್ತೆ?" ಎಂದು ಒಂದು ಕಡೆಯ ತುಟಿಯಲ್ಲಿ ನಕ್ಕಳು. ಆಮೇಲೆ ನಗು ಹೋಯಿತು. ನನ್ನನ್ನು ನೇರವಾಗಿ ನೋಡಿ, ಎಲ್ಲಿಯೂ ತಡವರಿಸದೆ ಹೇಳಿದಳು, "ನೀನು ಹೇಳ್ಬೇಕಿತ್ತು ಕಣೇ ಪುಟ್ಟಿ."

ಪರವಾಗಿಲ್ಲ ಎನ್ನಲಿಲ್ಲ ಅವಳು. ನನಗೆ ಬೇಕಾಗಿದ್ದೂ ಅದಲ್ಲ ಎಂದು ಅವತ್ತೇ ತಿಳಿಯಿತು. ಆ ರಾತ್ರಿ ನಾನು ಏಳಲಿಲ್ಲ. ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲು. ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ಪಕ್ಕದ ಹಾಸಿಗೆಯಲ್ಲಿ ಅಕ್ಕ ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಾ, ಇನ್ನೂ ಮಲಗಿದ್ದಳು.