ಇನ್ನೂರ ನಲವತ್ತರ ಎದುರು ಮೂವತ್ತೊಂದು

ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇರುವಾಗ ನಾನು ಸಿದ್ದಾಪುರದಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಹಳ್ಳಿ ರಸ್ತೆ, ಮೋರಿ, ಹಳ್ಳ ದಾಟುವ ಕಾಲುಸಂಕ ನನ್ನ ಪಾಲಿನ ಕೆಲಸ. ಆ ವರ್ಷ ಒಂದೇ ಕಾಲುಸಂಕಕ್ಕೆ ಮಂಜೂರಾತಿ ಬಂತು, ಬೇಡಿಕೆ ಎರಡು ಕಡೆಯಿಂದ ಇತ್ತು. ಒಂದು ಹೈಸ್ಕೂಲಿನ ಹತ್ತಿರ. ಅಲ್ಲಿ ಸಂಕವಾದರೆ ಇನ್ನೂರ ನಲವತ್ತು ಜನರಿಗೆ ಹತ್ತು ನಿಮಿಷದ ಸುತ್ತು ತಪ್ಪುತ್ತಿತ್ತು. ಇನ್ನೊಂದು ಮನ್ಮನೆ ಊರಿನ ಆಚೆಯ ಏಳು ಮನೆಗಳ ಕೇರಿ, ಮೂವತ್ತೊಂದು ಜನ. ಹಳ್ಳ ದಾಟದೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ.

ಎಸ್ಟಿಮೇಟ್ ಜೊತೆಗಿನ ನಮೂನೆಯಲ್ಲಿ 'ಫಲಾನುಭವಿಗಳ ಸಂಖ್ಯೆ' ಅಂತ ಒಂದು ಕಾಲಂ. ಹೆಚ್ಚು ಜನರಿಗೆ ಹೆಚ್ಚು ಹಿತ ಯಾವುದರಿಂದಲೋ ಅದೇ ಸರಿ ಎನ್ನುವ ಉಪಯುಕ್ತತಾವಾದವನ್ನು ಕಾಲೇಜಿನಲ್ಲಿ ಓದಿದ್ದೆ. ಆ ಕಾಲಂ ಅದರದೇ ಸಂತಾನ. ಅದನ್ನು ಪೂರ್ತಿ ಬೈಯಲಾರೆ. ಅದು ಬರುವ ಮೊದಲು ಸಂಕಗಳು ಪುಢಾರಿಗಳ ಭಾವನ ತೋಟಕ್ಕೆ ಹೋಗುತ್ತಿದ್ದವು. ತಲೆ ಎಣಿಸಲು ಶುರುವಾದ ಮೇಲೆ ಬಡವನದೂ ಒಂದು ತಲೆ, ಪುಢಾರಿಯದೂ ಒಂದೇ ತಲೆ. ಅಷ್ಟರ ಮಟ್ಟಿಗೆ ಅದು ನ್ಯಾಯವೇ.

ಮಾರ್ಚ್‌ನಲ್ಲಿ ಕೇರಿಗೆ ಸ್ಥಳ ಪರಿಶೀಲನೆಗೆ ಹೋದೆ. ಹಳ್ಳದ ಮೇಲೆ ಅಡಿಕೆ ಮರದ ಸಂಕ, ಎರಡೂ ಬದಿಗೆ ಬಿದಿರಿನ ಕೈಹಿಡಿ, ಗಟ್ಟಿ ಬಳ್ಳಿಯ ಕಟ್ಟು. ಕೇರಿಯ ಹಿರಿಯರಾದ ರಾಮ ಗೌಡರು ಎದುರುಗೊಂಡು ದಾಟಿಸಿದರು. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲಿನಲ್ಲಿ ಹುಣ್ಣು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಮಾಡಿಸುತ್ತಿದ್ದರು. "ಸಂಕ ಚೆನ್ನಾಗಿದೆಯಲ್ಲ ಗೌಡ್ರೆ" ಎಂದೆ. ಅವರು ಖುಷಿಯಿಂದ ನಕ್ಕರು. ನಾನು ಮಜ್ಜಿಗೆ ಕುಡಿದು ಬಂದು, 'ಬಳಸಬಹುದಾದ ಸಂಕ ಇದೆ' ಎಂದು ವರದಿ ಬರೆದೆ.

ಮೇಲಧಿಕಾರಿ ಎರಡು ಸಂಖ್ಯೆ ನೋಡಿ, "ಇದರಲ್ಲಿ ಯೋಚಿಸೋದೇನಿದೆ ರೀ?" ಎಂದರು. ನಾನೂ ತಲೆಯಾಡಿಸಿದೆ. ಸಂಕ ಹೈಸ್ಕೂಲಿಗೆ ಹೋಯಿತು.

ಜುಲೈಯಲ್ಲಿ ಕೇರಿಯ ಸಂಕವನ್ನು ಹಳ್ಳ ಎತ್ತಿಕೊಂಡು ಹೋಯಿತು. ಹದಿನೇಳು ದಿನ ಯಾರಿಗೂ ದಾಟಲಾಗಲಿಲ್ಲ, ಗೌಡರ ಡ್ರೆಸ್ಸಿಂಗ್ ತಪ್ಪಿತು. ಸುದ್ದಿ ತಿಳಿದು ನಾನು ಹೋಗುವಾಗ ಗೌಡರು ಶಿರಸಿಯ ಆಸ್ಪತ್ರೆಯಲ್ಲಿದ್ದರು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಹಾಸಿಗೆಯ ಪಕ್ಕ ಕೂತಿದ್ದ ಅವರ ಹೆಂಡತಿ ನಾಗಮ್ಮ ಹೇಳಿದರು: "ಹಳೆ ಸಂಕ ಕೊಳೆತು ಕುಂಬಾಗಿತ್ತು. ನೀವು ಬರ್ತ್ರಿ ಅಂತ ಗೊತ್ತಾಗಿ ಹಿಂದಿನ ದಿವ್ಸ ಹೊಸ ಮರ ಹಾಕಿದ್ರು. ಸಾಹೇಬ್ರು ಜಾರಿಬಿದ್ರೆ ಕೇರಿ ಮರ್ಯಾದೆ ಎಂತ ಆಗ್ತದೆ ಅಂದ್ರು. ಆ ಕಾಲಲ್ಲೇ ನಿಂತು ಕಟ್ಟಿದ್ರು."

ಬಂದವರಿಗೆ ತೊಂದರೆಯಾಗಬಾರದೆಂದು ತಮ್ಮ ತೊಂದರೆಯನ್ನೇ ಮುಚ್ಚಿಟ್ಟ ಜನ ಅವರು. ನಾನೋ, ಇದೇ ನೆಲದಲ್ಲಿ ಹುಟ್ಟಿದವನು, ನೆಂಟರು ಬರುವ ದಿನದ ಮನೆ ನೋಡಿ ದಿನಾ ಹೀಗೇ ಇರುತ್ತದೆ ಎಂದುಕೊಂಡೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆದರೆ ನಿಜ ಬರೆದಿದ್ದರೂ ಆ ಕಾಲಂನಲ್ಲಿ ಮೂವತ್ತೊಂದೇ ಇರುತ್ತಿತ್ತು. ಇನ್ನೂರ ನಲವತ್ತು ಜನರ ಹತ್ತು ಹತ್ತು ನಿಮಿಷ ಕೂಡಿಸಿದರೆ ಒಬ್ಬರ ಕಾಲಿಗೆ ಸಮ ಆಗುತ್ತದೆ ಅಂತ ಯಾವ ಮುಟ್ಠಾಳ ಹೇಳಿದ್ದು? ಕೂಡಿಸಿ ಗುಡ್ಡೆ ಹಾಕಿದ ಆ ಹಿತವನ್ನು ಪೂರ್ತಿ ಅನುಭವಿಸಿದವರು ಯಾರೂ ಇಲ್ಲ. ನೋವನ್ನು ಮಾತ್ರ ಒಬ್ಬರೇ ಪೂರ್ತಿ ಉಂಡರು.

"ಎಷ್ಟೋ ಮಂದಿಗೆ ಅನುಕೂಲ ಆಯ್ತಲ, ಬಿಡಿ ಸಾಹೇಬ್ರೆ" ಎಂದರು ಗೌಡರು, ಆಸ್ಪತ್ರೆಯಲ್ಲಿ ಮಲಗಿದ್ದಲ್ಲಿಂದಲೇ. ಆ ಮಾತು ಹೇಳುವ ಹಕ್ಕು ಅವರೊಬ್ಬರಿಗೇ ಇತ್ತು. ಅವರನ್ನು ಕೇಳದೆ ಅವರ ಪರವಾಗಿ ನಾವು ಹೇಳಿಬಿಟ್ಟಿದ್ದೆವು.

ನೌಕರಿ ನನಗೆ ಕಲಿಸಿದ್ದು ಇಷ್ಟು: ಎಷ್ಟು ಜನರಿಗೆ ಸಿಗುತ್ತದೆ ಎಂದು ಎಣಿಸುವ ಮೊದಲು, ಸಿಗದವರಿಗೆ ಏನಾಗುತ್ತದೆ ಎಂದು ಅವರ ಜಗಲಿಯಲ್ಲೇ ಕೂತು ಕೇಳಬೇಕು. ಮರುವರ್ಷ ಕೇರಿಗೂ ಸಿಮೆಂಟ್ ಸಂಕ ಬಂತು, 'ಅವಘಡ ನಡೆದ ಸ್ಥಳ' ಎಂಬ ಆದ್ಯತೆಯ ಮೇಲೆ. ಫಲಾನುಭವಿಗಳು ಆಗಲೂ ಮೂವತ್ತೊಂದೇ ಜನ. ಕಾಲು ಮಾತ್ರ ಒಂದು ಕಡಿಮೆ.