ಗ್ರೀಕ್ ತಾತ ಮತ್ತು ಗುಬ್ಬಿ ಬಸ್ಸು

ತುಮಕೂರಿನ ಹಾಸ್ಟೆಲ್ಲಿನಲ್ಲಿ ಬಿ.ಎ. ಓದುವಾಗ ನಾನೂ ನನ್ನ ರೂಮಿನ ಗೆಳತಿಯೂ ಪಠ್ಯದಲ್ಲಿದ್ದ ಪ್ರಾಚೀನ ಗ್ರೀಕ್ ತತ್ವಜ್ಞಾನಿಯೊಬ್ಬನನ್ನು ‘ತಾತ’ ಎಂದೇ ಕರೆಯುತ್ತಿದ್ದೆವು. ಮೀನಿನಿಂದ ಹಿಡಿದು ನಕ್ಷತ್ರದವರೆಗೆ ಆತ ಕೈ ಹಾಕದ ವಿಷಯವಿಲ್ಲ. ನೀತಿಯ ಬಗ್ಗೆ ಬರೆಯುತ್ತ ಎರಡು ಅಧ್ಯಾಯಗಳನ್ನು ಸ್ನೇಹಕ್ಕೇ ಕೊಟ್ಟಿದ್ದಾನೆ. ಉಪಯೋಗಕ್ಕಾಗಿ ಸ್ನೇಹ, ಖುಷಿಗಾಗಿ ಸ್ನೇಹ, ಆ ಮನುಷ್ಯ ಒಳ್ಳೆಯವನೆಂಬ ಒಂದೇ ಕಾರಣಕ್ಕೆ ಸ್ನೇಹ, ಹೀಗೆ ಮೂರು ಬಗೆ. ನಮ್ಮದು ಮೂರನೆಯದು ಎಂದು ನಾನು ಜಂಬ ಕೊಚ್ಚಿದರೆ ಅವಳು ಬಿಡುತ್ತಿರಲಿಲ್ಲ. “ನೋಟ್ಸ್ ಬೇಕಾದಾಗ ಮೊದಲನೇದು, ಸಿನಿಮಾಗೆ ಹೋಗುವಾಗ ಎರಡನೇದು ಕಣೇ ನೀನು,” ಎನ್ನುತ್ತಿದ್ದಳು. ಅವಳಷ್ಟು ಚೆನ್ನಾಗಿ ತಾತನನ್ನು ಓದಿದವರನ್ನು ನಾನು ಆಮೇಲೂ ಕಂಡಿಲ್ಲ.

ಅವಳು ಮದುವೆಯಾಗಿ ಗುಬ್ಬಿಗೆ ಹೋದಳು. ಗಂಡನದು ಹಾರ್ಡ್‌ವೇರ್ ಅಂಗಡಿ. ನಾನು ಇಲ್ಲೇ ತುಮಕೂರಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದೆ. ನಡುವೆ ಮುಕ್ಕಾಲು ಗಂಟೆಯ ದಾರಿ. ಅದಕ್ಕೇ ಹೋಗಲಿಲ್ಲ, ಯಾವಾಗ ಬೇಕಾದರೂ ಹೋಗಬಹುದಲ್ಲ! ಬದಲಿಗೆ ಗುಬ್ಬಿಯ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಗೆ ಡಬ್ಬಿ ಕೊಟ್ಟು ಕಳಿಸುವುದು ರೂಢಿಯಾಯಿತು. ಯುಗಾದಿಗೆ ನನ್ನ ಒಬ್ಬಟ್ಟು, ಅಮೃತೂರಿನ ನಮ್ಮ ತೋಟದ ಕಾಯಿ. ರಂಜಾನಿಗೆ ಅವಳ ಶಾವಿಗೆ ಪಾಯಸ, ಸುರಕುಂಬ. ‘ಕಳಿಸಿದೀನಿ ಕಣೇ’ ಎಂದು ಒಂದು ಮೆಸೇಜು. ಹದಿನೇಳು ವರ್ಷ ಬಸ್ಸೇ ನಮ್ಮ ಪರವಾಗಿ ಓಡಾಡಿತು. ಡಬ್ಬಿ ತಲುಪಿದರೆ ನಾವೇ ಭೇಟಿಯಾದ ಹಾಗೆ ಎಂದು ಇಬ್ಬರೂ ತಿಳಿದುಬಿಟ್ಟಿದ್ದೆವು.

ಮೊನ್ನೆ ತರಗತಿಯಲ್ಲಿ ತಾತನ ಆ ಭಾಗ ಬಂತು. ದನಗಳ ಹಾಗೆ ಒಂದೇ ಕಡೆ ಮೇಯುವುದಲ್ಲ, ಮಾತು, ವಿಚಾರ ಹಂಚಿಕೊಂಡು ಜೊತೆಗಿರುವುದೇ ಮನುಷ್ಯರ ಒಡನಾಟ ಎನ್ನುತ್ತಾನೆ. ಬಹಳ ಕಾಲ ದೂರವಿದ್ದರೆ ಸ್ನೇಹವೇ ಮರೆತುಹೋದೀತು ಎಂದೂ ಹೇಳುತ್ತಾನೆ. ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಬಿಟ್ಟೆ. ಡಬ್ಬಿ ಬಿಟ್ಟರೆ ನಮ್ಮಿಬ್ಬರ ನಡುವೆ ಇನ್ನೇನಾದರೂ ಉಳಿದಿದೆಯೇ ಎಂದು ಹೆದರಿಕೆಯಾಯಿತು. ಭಾನುವಾರ ಬರಿಗೈಯಲ್ಲೇ ಗುಬ್ಬಿ ಬಸ್ಸು ಹತ್ತಿದೆ.

ಬಾಗಿಲು ತೆರೆದವಳು “ಏನೇ, ಡಬ್ಬಿ ಬದಲು ನೀನೇ ಬಂದ್ಬಿಟ್ಟಿದೀಯಾ!” ಎಂದು ತಬ್ಬಿಕೊಂಡಳು. ಒಳಗೆ ಕೂತ ಮೇಲೆ ಮಾತಿಗೆ ತಡಕಾಡಿದೆವು. ಕಾಯಿ ಚೆನ್ನಾಗಿತ್ತು ಎಂದಳು. ಸುರಕುಂಬ ಕೆಟ್ಟಿರಲಿಲ್ಲ ಎಂದೆ. ಕಂಡಕ್ಟರ್ ಬದಲಾದದ್ದರ ಬಗ್ಗೆ ಹತ್ತು ನಿಮಿಷ ಮಾತಾಡಿದೆವು. ಕೊನೆಗೆ ತಡೆಯಲಾರದೆ, “ತಾತನ ಮೂರು ಸ್ನೇಹ ನೆನಪಿದೆಯೇನೇ?” ಎಂದು ಕೇಳಿದೆ.

“ಯಾವ ತಾತ?” ಎಂದಳು.

ನನಗೆ ಅಳು ಬಂತು. ಎದ್ದು ಬ್ಯಾಗು ತೆಗೆದುಕೊಂಡೆ. ಅವಳು ಕೈ ಹಿಡಿದಳು. “ಓದಿದ್ದೆಲ್ಲಾ ಮರ್ತೋಯ್ತು ಕಣೇ. ಅದನ್ನ ಕೇಳೋಕೆ ಬಂದ್ಯಾ? ಇವತ್ತು ಇಲ್ಲೇ ಉಳ್ಕೋ. ಸುಮ್ನೆ ಕೂತ್ಕೊಂಡಿರೋಣ, ಮಾತು ತಾನಾಗೇ ಬರತ್ತೆ.”

ನಾಳೆ ಮೊದಲ ಪೀರಿಯಡ್ಡೇ ನನ್ನದು, ಸ್ನೇಹದ ಪಾಠ ಇನ್ನೂ ಮುಗಿದಿಲ್ಲ ಎಂದೆ. ಹಾಗೆಂದು ಹೇಳಿ ಐದೂವರೆ ಬಸ್ಸಿಗೆ ಬಂದುಬಿಟ್ಟೆ.